70 ಮೆಗಾಹರ್ಟ್ಸ್ ಹತ್ತಿರ 3 ಕೆಲ್ವಿನ್ ತಗ್ಗು: 40 ಗಂಟೆ ಸರಾಸರಿ ಮಾಡಿದರೂ ಕರಗುತ್ತಿಲ್ಲ, ಯಾಕೆ?

ಅಲೆಮಾಪಕ

ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ತಟಸ್ಥ ಜಲಜನಕದ 21 ಸೆಂ.ಮೀ. ಸಂಕೇತಕ್ಕಾಗಿ ಒಂದೇ ಆಂಟೆನಾದ ರೇಡಿಯೋಮೀಟರ್ ಕಟ್ಟಿ ನಡೆಸಲಾಗುತ್ತಿದೆ. ವಿವರ ಹೀಗಿದೆ.

ಅಲ್ಯೂಮಿನಿಯಂ ಮೊನೊಕೋನ್, ಶಂಕುವಿನ ಎತ್ತರ 1 ಮೀಟರ್. ಕೆಳಗೆ ನೆಲದ ಮೇಲೆ 3 ಮೀಟರ್ × 3 ಮೀಟರ್ ಕಬ್ಬಿಣದ ಜಾಲರಿ. ಆಂಟೆನಾದ ಬುಡದಿಂದ ಎಲ್‌ಎನ್‌ಎ (ಕಡಿಮೆ ಗದ್ದಲದ ವರ್ಧಕ) ಪೆಟ್ಟಿಗೆಗೆ 5 ಮೀಟರ್ ಆರ್‌ಜಿ-58 ಕೇಬಲ್. ಪೆಟ್ಟಿಗೆಯಲ್ಲಿ ಮೂರು ಸ್ಥಿತಿಯ ಸ್ವಿಚ್: ಆಂಟೆನಾ, 50 ಓಮ್ ಲೋಡ್, ಲೋಡ್ ಜೊತೆಗೆ ನಾಯ್ಸ್ ಡಯೋಡ್ (ಹೋಲಿಕೆಗೆ ಗೊತ್ತಿರುವಷ್ಟು ಗದ್ದಲ ಕೊಡುವುದು). ಆಮೇಲೆ 14 ಬಿಟ್‌ನ 250 ಮೆಗಾಸ್ಯಾಂಪಲ್ ಎಡಿಸಿ (ಸಂಕೇತವನ್ನು ಅಂಕಿಗಳಾಗಿಸುವ ಚಿಪ್), ಎಫ್‌ಪಿಜಿಎ ಚಿಪ್ ಮೇಲೆ 16384 ಬಿಂದುಗಳ ಎಫ್‌ಎಫ್‌ಟಿ (ಆವರ್ತನಗಳಾಗಿ ಬಿಡಿಸುವ ಲೆಕ್ಕ). ಚಾನೆಲ್ ಅಗಲ ಸುಮಾರು 15 ಕಿಲೋಹರ್ಟ್ಸ್. ಎಸ್-11 (ಆಂಟೆನಾ ಎಷ್ಟು ಅಲೆಯನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಅಳತೆ) ಅನ್ನು ಕೈಯಲ್ಲಿ ಹಿಡಿಯುವ ವಿಎನ್‌ಎ ಎಂಬ ಪ್ರತಿಫಲನ ಮಾಪಕದಿಂದ ಒಮ್ಮೆ ಹಗಲಲ್ಲಿ, ಕೇಬಲ್‌ನ ಈ ತುದಿಯಲ್ಲಿ ಅಳೆದು ತಿದ್ದುಪಡಿ ಹಾಕಲಾಗಿದೆ. ಆಂಟೆನಾ ಪ್ರತಿಫಲನ 72 ಮೆಗಾಹರ್ಟ್ಸ್‌ನಲ್ಲಿ −18 ಡಿಬಿ, ಪಟ್ಟಿಯ ಅಂಚುಗಳಲ್ಲಿ −6ರಿಂದ −8. ಎಲ್‌ಎನ್‌ಎ ಸುಮಾರು −20.

ಜಾಗ ಊರಿಂದ ದೂರ, ಕೆಂಪು ಮಣ್ಣಿನ ಹೊಲ. ರಾತ್ರಿ ಮಾತ್ರ ದಾಖಲೆ, ಒಟ್ಟು 40 ಗಂಟೆ. 55ರಿಂದ 85 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಆಕಾಶದ ನಯವಾದ ಹೊಳಪಿಗೆ ಹೊಂದಿಸಿದ ನಾಲ್ಕು ಪದಗಳ ಲಾಗ್-ಲಾಗ್ ಬಹುಪದಿ ಕಳೆದರೆ 70ರ ಆಸುಪಾಸು 3 ಕೆಲ್ವಿನ್ ಆಳದ ಅಗಲವಾದ ತಗ್ಗು ಉಳಿಯುತ್ತದೆ. ಒಂದು ಗಂಟೆಗೂ ಅಷ್ಟೇ, ನಲವತ್ತು ಗಂಟೆಗೂ ಅಷ್ಟೇ. ಇನ್ನೂ ಹೆಚ್ಚು ಗಂಟೆ ಬೇಕೇ? ತಪ್ಪು ಕೇಬಲ್‌ನದೋ, ನೆಲದ್ದೋ? ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ? ಇದೇ ಸಂಕೇತ ಹುಡುಕಿದ ಎಡ್ಜಸ್ ಪ್ರಯೋಗದವರು 78 ಮೆಗಾಹರ್ಟ್ಸ್‌ನಲ್ಲಿ ಕಂಡ ತಗ್ಗಿಗೂ ಇದಕ್ಕೂ ಸಂಬಂಧ ಇರಬಹುದೇ ಅನ್ನುವ ಪ್ರಶ್ನೆಯೂ ಇದೆ.

ಐವತ್ತು_ಓಮ್

ಗಂಟೆ ಹೆಚ್ಚಿಸಿ ಪ್ರಯೋಜನವಿಲ್ಲ. ಲೆಕ್ಕ ಹಾಕಿ ನೋಡಿ. 78 ಮೆಗಾಹರ್ಟ್ಸ್‌ನಲ್ಲಿ ಆಕಾಶಗಂಗೆಯ ಹೊಳಪು, ಅದರ ತಣ್ಣನೆಯ ಭಾಗ ತಲೆಯ ಮೇಲಿದ್ದಾಗಲೂ, ಹತ್ತಿರ ಹತ್ತಿರ 1600 ಕೆಲ್ವಿನ್. ಮೂರು ಸ್ಥಿತಿಗಳ ಸ್ವಿಚ್ ಇರುವುದರಿಂದ 40 ಗಂಟೆಯಲ್ಲಿ ಆಂಟೆನಾಗೆ ಸಿಕ್ಕಿದ್ದು ಸುಮಾರು 13 ಗಂಟೆ, ಅಂದರೆ 48,000 ಸೆಕೆಂಡ್. 1 ಮೆಗಾಹರ್ಟ್ಸ್ ಅಗಲಕ್ಕೆ 1600 ಅನ್ನು, ಅಗಲ ಮತ್ತು ಸೆಕೆಂಡುಗಳ ಗುಣಲಬ್ಧವಾದ 4,800 ಕೋಟಿಯ ವರ್ಗಮೂಲದಿಂದ ಭಾಗಿಸಿ: 7 ಮಿಲಿಕೆಲ್ವಿನ್. ಲೋಡ್ ಮತ್ತು ಡಯೋಡ್ ಸ್ಥಿತಿಗಳ ಗದ್ದಲ ಸೇರಿಸಿದರೂ 15 ದಾಟುವುದಿಲ್ಲ. ನಿಮ್ಮ ತಗ್ಗು ಅದರ ಇನ್ನೂರು ಪಟ್ಟು. ಅದು ಗದ್ದಲವಾಗಿದ್ದರೆ ಮೊದಲ ವಾರದಲ್ಲೇ ಸವೆದು ಹೋಗುತ್ತಿತ್ತು. ಈ ಕೆಲಸದಲ್ಲಿ ಗದ್ದಲ ಯಾವತ್ತೂ ದೊಡ್ಡ ಶತ್ರುವಲ್ಲ. ಉಪಕರಣವೇ ಹುಟ್ಟಿಸುವ, ಸಂಕೇತದಷ್ಟೇ ಅಗಲದ ಏರಿಳಿತ ಇದೆಯಲ್ಲ, ಅದು.

ಆಕಾಶದಿಂದ 3 ಕೆಲ್ವಿನ್ ಬರಲೂ ಸಾಧ್ಯವಿಲ್ಲ. 78 ಮೆಗಾಹರ್ಟ್ಸ್ ಅಂದರೆ ಜಲಜನಕದ ಮೂಲ ಆವರ್ತನ 1420.4 ಭಾಗಿಸು 78, ಅಂದರೆ 18.2; ಅದರಲ್ಲಿ ಒಂದು ಕಳೆದರೆ ಕೆಂಪು ಪಲ್ಲಟ (ವಿಶ್ವ ಹಿಗ್ಗಿ ಅಲೆ ಉದ್ದವಾದ ಪ್ರಮಾಣ) ಸುಮಾರು 17.2. ಆಗ ಹಿನ್ನೆಲೆ ವಿಕಿರಣದ ಉಷ್ಣತೆ 2.725 × 18.2, ಅಂದರೆ 50 ಕೆಲ್ವಿನ್‌ಗೆ ಚೂರು ಕಡಿಮೆ. ವಿಸ್ತರಣೆಯಿಂದ ತಣಿದ ಅನಿಲ ಸುಮಾರು 7 ಕೆಲ್ವಿನ್. ನಕ್ಷತ್ರಗಳ ಬೆಳಕು ಜಲಜನಕದ ಸ್ಪಿನ್ ಉಷ್ಣತೆಯನ್ನು (21 ಸೆಂ.ಮೀ. ಅಲೆಯನ್ನು ಎಷ್ಟು ಹೀರುತ್ತದೆ ಎಂದು ನಿರ್ಧರಿಸುವ ಉಷ್ಣತೆ) ಪೂರ್ತಿ ಅನಿಲದ ಉಷ್ಣತೆಗೆ ಕಟ್ಟಿಹಾಕಿತು ಅಂದುಕೊಂಡರೂ ಹೀರಿಕೆಯ ಆಳ ಸುಮಾರು 0.22 ಕೆಲ್ವಿನ್. ಮಾಮೂಲಿ ಭೌತಶಾಸ್ತ್ರದಲ್ಲಿ ಅದೇ ತಳ. 2018ರಲ್ಲಿ ಎಡ್ಜಸ್ ತಂಡ 0.5 ಕೆಲ್ವಿನ್ ಎಂದಾಗ ಜಗತ್ತೆಲ್ಲ ತಲೆ ಎತ್ತಿ ನೋಡಿದ್ದು ಅದಕ್ಕೇ. ಕೃಷ್ಣದ್ರವ್ಯ ಅನಿಲವನ್ನು ಇನ್ನಷ್ಟು ತಣಿಸಿರಬಹುದೇ ಎನ್ನುವವರೆಗೆ ಚರ್ಚೆ ಹೋಯಿತು. 3 ಕೆಲ್ವಿನ್‌ಗೆ ಅಂಥ ವಿವರಣೆಯೂ ಸಾಲದು.

ಮೊದಲ ಅನುಮಾನ ಕೇಬಲ್ ಮೇಲೆ. ಎಲ್‌ಎನ್‌ಎಯಲ್ಲಿ ಹಿಂದೆ ಹಾರಿದ ಅಲೆ ಆಂಟೆನಾಗೆ ಹೋಗಿ, ಮತ್ತೆ ಹಾರಿ ಬಂದು ಮೂಲ ಅಲೆಗೆ ಸೇರುತ್ತದೆ. ಆ ಏರಿಳಿತದ ಅವಧಿ = ಕೇಬಲ್‌ನಲ್ಲಿ ವೇಗ ÷ ಉದ್ದದ ಎರಡು ಪಟ್ಟು. ಆರ್‌ಜಿ-58ರಲ್ಲಿ ವೇಗ ಬೆಳಕಿನ 0.66 ಪಟ್ಟು. 5 ಮೀಟರ್‌ಗೆ ಅವಧಿ 19.8 ಮೆಗಾಹರ್ಟ್ಸ್. ಎಡ್ಜಸ್ ತಗ್ಗಿನ ಅಗಲ 19 ಮೆಗಾಹರ್ಟ್ಸ್ ಎಂದು ನೆನಪಿಸಿಕೊಳ್ಳಿ. ಇದಕ್ಕಿಂತ ಕೆಟ್ಟ ಉದ್ದ ಬೇಕೆಂದರೂ ಸಿಗದು.

ಎತ್ತರ ಎಷ್ಟು? ಆಂಟೆನಾ −10 ಡಿಬಿ ಅಂದರೆ ವೋಲ್ಟೇಜಿನಲ್ಲಿ 0.32, ಎಲ್‌ಎನ್‌ಎ −20 ಅಂದರೆ 0.1. ಗುಣಿಸಿ, ಎರಡು ಪಟ್ಟು ಮಾಡಿ: ಶೇ. 6.3. 1600ರಲ್ಲಿ 100 ಕೆಲ್ವಿನ್! ನಿಮ್ಮ ತಿದ್ದುಪಡಿ ಅದರಲ್ಲಿ 97 ಕೆಲ್ವಿನ್ ತೆಗೆದಿದೆ, 3 ಉಳಿದಿದೆ. ಎಸ್-11 ಅಳತೆಯಲ್ಲಿ ಕಾಲು ಡಿಬಿ ತಪ್ಪಿದ್ದರೆ ಇಷ್ಟೇ ಉಳಿಯುತ್ತದೆ. ಹಗಲಿನ ಬಿಸಿಲಲ್ಲಿ ಅಳೆದು ರಾತ್ರಿಯ ಚಳಿಯ ದತ್ತಾಂಶಕ್ಕೆ ಹಾಕಿದ್ದೀರಿ. ಕೇಬಲ್‌ನ ಫೇಸ್ ಕೂಡ ಅಷ್ಟರಲ್ಲಿ ಜಾರಿರುತ್ತದೆ. ಉಳಿಕೆಯನ್ನು 20 ಮಿಲಿಕೆಲ್ವಿನ್‌ಗೆ ಇಳಿಸಬೇಕಾದರೆ ಅದೇ ಅಳತೆ ಹತ್ತು ಸಾವಿರದಲ್ಲಿ ಎರಡು ಭಾಗದಷ್ಟು ಸರಿಯಿರಬೇಕು. ಕೈಯಲ್ಲಿ ಹಿಡಿಯುವ ವಿಎನ್‌ಎಯಿಂದ, ಹೊಲದಲ್ಲಿ, ಅದು ಆಗದ ಮಾತು.

ಹಾಗಾಗಿ ತಿದ್ದಲು ಹೋಗಬೇಡಿ, ಕೇಬಲ್ಲನ್ನೇ ತೆಗೆಯಿರಿ. ಸ್ವಿಚ್, ಲೋಡ್, ಡಯೋಡ್, ಎಲ್‌ಎನ್‌ಎ ಎಲ್ಲವೂ ಜಾಲರಿಯ ಕೆಳಗೆ, ಶಂಕುವಿನ ತುದಿಗೆ ಅಂಟಿಕೊಂಡಂತೆ ಇರಲಿ. 10 ಸೆಂ.ಮೀ. ತಂತಿ ಉಳಿದರೂ ಅವಧಿ 990 ಮೆಗಾಹರ್ಟ್ಸ್. ನಿಮ್ಮ 30 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದು ಬರೀ ಓರೆ ಗೆರೆಯಂತೆ ಕಾಣುತ್ತದೆ, ಬಹುಪದಿ ಅದನ್ನು ನುಂಗುತ್ತದೆ. ಅಲ್ಲಿಂದಾಚೆಗೆ ಆಪ್ಟಿಕಲ್ ಫೈಬರ್. ಫೈಬರ್ ವಿದ್ಯುತ್ ಸಂಪರ್ಕವನ್ನೂ ಕಡಿಯುತ್ತದೆ, ಕೇಬಲ್‌ನ ಹೊರಕವಚ ತಾನೇ ಆಂಟೆನಾ ಆಗುವ ಕಾಟವೂ ತಪ್ಪುತ್ತದೆ.

ಕೆರೆದಂಡೆ

ಕೇಬಲ್ ವಿಷಯ ಒಪ್ಪಿದೆ. ಆದರೆ ತಗ್ಗು 70ರಲ್ಲಿದೆ, ಆಂಟೆನಾ ಅನುರಣನ 72ರಲ್ಲಿದೆ. ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

1 ಮೀಟರ್ ಎತ್ತರ ಅಂದರೆ 75 ಮೆಗಾಹರ್ಟ್ಸ್‌ಗೆ ಕಾಲು ತರಂಗದೂರ. ಶಂಕು ದಪ್ಪ ಇರುವುದರಿಂದ 72ಕ್ಕೆ ಇಳಿದಿದೆ. ಒಳ್ಳೆಯ ಹೊಂದಾಣಿಕೆ ಸಿಕ್ಕಿತು ಎಂದು ಸಂತೋಷಪಡುವುದು ಸಂವಹನದವರ ಅಭ್ಯಾಸ. ಇಲ್ಲಿ ಅದೇ ಮುಳುವು. ಪಟ್ಟಿಯ ನಡುವೆ ಅನುರಣನ ಇದ್ದರೆ ಪ್ರತಿಫಲನ −6ರಿಂದ −18ಕ್ಕೆ ಇಳಿದು ಮತ್ತೆ −8ಕ್ಕೆ ಏರುತ್ತದೆ. ನೀವು ಹುಡುಕುತ್ತಿರುವ ತಗ್ಗಿನ ಆಕಾರವನ್ನು ನೀವೇ ಆಂಟೆನಾದೊಳಗೆ ಇಟ್ಟ ಹಾಗೆ. ಶಂಕುವನ್ನು 60 ಸೆಂ.ಮೀ.ಗೆ ಇಳಿಸಿ. ಅನುರಣನ 110 ಮೆಗಾಹರ್ಟ್ಸ್‌ನ ಆಚೆ ಹೋಗುತ್ತದೆ. ಪಟ್ಟಿಯಲ್ಲಿ ಆಂಟೆನಾ ಬರೀ ಗಿಡ್ಡ ಮೊನೊಪೋಲ್, ಅದರ ದಕ್ಷತೆ ಒಂದೇ ದಿಕ್ಕಿಗೆ ಮೆತ್ತಗೆ ಏರುತ್ತದೆ. ಪ್ರತಿಫಲನ −2 ಡಿಬಿ ಆದರೆ ಒಳಬರುವ ಶಕ್ತಿ ಶೇ. 37 ಮಾತ್ರ. ಆಗಲಿ ಬಿಡಿ. ಗದ್ದಲ ಹೆಚ್ಚಾದರೆ ಗಂಟೆ ಹೆಚ್ಚಿಸಬಹುದು, ಆಕಾರ ಕೆಟ್ಟರೆ ಯಾವ ಗಂಟೆಯೂ ಕಾಯುವುದಿಲ್ಲ. ಇದೇ ಸಂಕೇತ ಹುಡುಕಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಸಾರಸ್-3 ಉಪಕರಣ ದಕ್ಷತೆ ಬಿಟ್ಟುಕೊಟ್ಟು ನಯವನ್ನು ಉಳಿಸಿಕೊಂಡದ್ದು ಇದೇ ಲೆಕ್ಕಾಚಾರದ ಮೇಲೆ. ಒಂದು ಎಚ್ಚರಿಕೆ: ಗಿಡ್ಡ ಆಂಟೆನಾದಲ್ಲಿ ಪ್ರತಿಫಲನ ಇನ್ನೂ ಜಾಸ್ತಿ, ಆದ್ದರಿಂದ 5 ಮೀಟರ್ ಕೇಬಲ್ ಉಳಿಸಿಕೊಂಡು ಶಂಕು ಮಾತ್ರ ಕತ್ತರಿಸಿದರೆ ಏರಿಳಿತ ಈಗಿನದಕ್ಕಿಂತ ಜೋರಾಗುತ್ತದೆ. ಎರಡೂ ಒಟ್ಟಿಗೆ ಆಗಬೇಕು.

ಇನ್ನು ನೆಲ. 3 ಮೀಟರ್ ಜಾಲರಿ 4 ಮೀಟರ್ ತರಂಗಕ್ಕೆ ಏನೂ ಅಲ್ಲ. ಅಲೆ ಅಂಚು ದಾಟಿ ಮಣ್ಣಿಗೆ ಇಳಿಯುತ್ತದೆ, ಕೆಳಗಿನ ಬಂಡೆಗೆ ತಾಗಿ ಮೇಲೆ ಬರುತ್ತದೆ. ಒಣ ಮಣ್ಣಿನ ವಕ್ರೀಭವನಾಂಕ 2 ಎಂದುಕೊಳ್ಳಿ. ಬಂಡೆ 5 ಮೀಟರ್ ಆಳದಲ್ಲಿದ್ದರೆ ಏರಿಳಿತದ ಅವಧಿ 15 ಮೆಗಾಹರ್ಟ್ಸ್, 3 ಮೀಟರ್‌ನಲ್ಲಿದ್ದರೆ 25. ನಮ್ಮ ಕಡೆ ಬಯಲುಸೀಮೆಯಲ್ಲಿ ಬಾವಿ ತೋಡಿದವರಿಗೆ ಗೊತ್ತು, ಗಟ್ಟಿ ಕಲ್ಲು ಸಿಗುವುದು ಎಷ್ಟೋ ಕಡೆ ಇಷ್ಟೇ ಆಳದಲ್ಲಿ. ಮಳೆ ಬಿದ್ದರೆ ಮಣ್ಣಿನ ಅಂಕವೇ ಬದಲಾಗುತ್ತದೆ, ಹಿಂದಿನ ವಾರದ ಮಾದರಿ ಈ ವಾರಕ್ಕೆ ಹೊಂದುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಎಡ್ಜಸ್ ತಂಡ 30 ಮೀಟರ್ × 30 ಮೀಟರ್ ಲೋಹದ ನೆಲ ಹಾಸಿ ಅಂಚುಗಳನ್ನು ಗರಗಸದ ಹಲ್ಲಿನಂತೆ ಕತ್ತರಿಸಿತ್ತು. ಅಷ್ಟಾದರೂ, ಆ ಲೋಹದ ಹಾಸೇ ಅನುರಣಿಸಿ ತಗ್ಗು ಮೂಡಿಸಿರಬಹುದು ಎಂಬ ವಾದ 2019ರಲ್ಲಿ ಬಂತು.

ಸಾರಸ್-3 ಕೆರೆಗೆ ಇಳಿದದ್ದು ನೆಲದ ಈ ಪಾಡು ತಪ್ಪಿಸಲು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆ, ಆಮೇಲೆ ಶರಾವತಿ ಹಿನ್ನೀರು. ತೆಪ್ಪದ ಮೇಲೆ ಆಂಟೆನಾ, ಸುತ್ತ ಬರೀ ನೀರು. ನೀರಿನ ಪರಾವೈದ್ಯುತ ಅಂಕ 80ರ ಹತ್ತಿರ, ವಕ್ರೀಭವನಾಂಕ 9. ಮೇಲಿಂದ ಕೆಳಗೆ ಒಂದೇ ಗುಣ, ಪದರಗಳಿಲ್ಲ, ಬೇರು ಕಲ್ಲು ತೇವ ಒಣ ಎಂಬ ಭೇದವಿಲ್ಲ. ಆದರೆ ಯಾವ ಕೆರೆಯೂ ಆದೀತು ಅಂದುಕೊಳ್ಳಬೇಡಿ. 1 ಮೀಟರ್ ಆಳದ ಕೆರೆಯಲ್ಲಿ ತಳದ ಪ್ರತಿಫಲನದ ಅವಧಿ 16.7 ಮೆಗಾಹರ್ಟ್ಸ್: ಹೊಲದ ಕಷ್ಟವೇ ನೀರಲ್ಲೂ. 10 ಮೀಟರ್‌ನಲ್ಲಿ ಅವಧಿ 1.7ಕ್ಕೆ ಇಳಿಯುತ್ತದೆ, ಸಂಕೇತಕ್ಕಿಂತ ಎಷ್ಟೋ ಕಿರಿದು. ಜೊತೆಗೆ ನೀರೇ ಅಲೆಯನ್ನು ಹೀರುತ್ತದೆ. ವಾಹಕತೆ ಸೆಂ.ಮೀ.ಗೆ 100 ಮೈಕ್ರೋಸೀಮೆನ್ಸ್ ಇದ್ದರೆ 10 ಮೀಟರ್ ಇಳಿದು ಹತ್ತಿ ಬರುವಷ್ಟರಲ್ಲಿ 36 ಡಿಬಿ ನಷ್ಟ. ಆದ್ದರಿಂದ ಜಾಗ ನೋಡಲು ಹೋಗುವಾಗ ಎರಡು ಸಾಮಾನು ಸಾಕು: ಆಳ ನೋಡಲು ಗುಂಡು ಕಟ್ಟಿದ ಹಗ್ಗ, ವಾಹಕತೆ ಮೀಟರ್. ದಡ ಕೂಡ ದೂರವಿರಲಿ. ಮೊನೊಕೋನ್ ದಿಗಂತದ ಕಡೆಗೂ ನೋಡುತ್ತದೆ, ಮರಗಿಡ, ದಿಬ್ಬ ಎಲ್ಲವೂ ಅದಕ್ಕೆ 300 ಕೆಲ್ವಿನ್‌ನ ಗೋಡೆ.

ಅಲೆಮಾಪಕ

ಎರಡು ಪರೀಕ್ಷೆಗಳ ಫಲ. ಆಂಟೆನಾ ಬಿಚ್ಚಿ ಕೇಬಲ್‌ನ ಆ ತುದಿಗೆ 50 ಓಮ್ ಲೋಡ್ ಹಾಕಿದರೆ ತಗ್ಗು ಪೂರ್ತಿ ಮಾಯ. ಇನ್ನೊಂದು: ಆಕಾಶಗಂಗೆ ಮೇಲೇರಿ ಆಕಾಶದ ಉಷ್ಣತೆ 1600ರಿಂದ 3000 ಕೆಲ್ವಿನ್‌ಗೆ ಹೋದಾಗ ತಗ್ಗು 3ರಿಂದ 5.6ಕ್ಕೆ ಆಳವಾಗುತ್ತದೆ. ಹಾಗಾದರೆ ಕೇಬಲ್ ಎಂದು ಖಚಿತವೇ? ಕೇಬಲ್ ತೆಗೆಯುವ ಬದಲು 100 ಮೀಟರ್‌ಗೆ ಉದ್ದ ಮಾಡಿದರೆ ಏರಿಳಿತ 1 ಮೆಗಾಹರ್ಟ್ಸ್‌ಗೆ ಕಿರಿದಾಗಿ ಸರಾಸರಿಯಲ್ಲಿ ಅಳಿಸಿಹೋಗುವುದಿಲ್ಲವೇ?

ಐವತ್ತು_ಓಮ್

ಎರಡನೆಯ ಪರೀಕ್ಷೆ ಒಳ್ಳೆಯದು. 3000ವನ್ನು 1600ರಿಂದ ಭಾಗಿಸಿದರೆ 1.88, ನಿಮ್ಮ ತಗ್ಗು 1.87 ಪಟ್ಟು ಬೆಳೆದಿದೆ. ವಿಶ್ವದ ಸಂಕೇತ ಆಕಾಶಗಂಗೆ ಹುಟ್ಟಿದರೂ ಮುಳುಗಿದರೂ ಅಷ್ಟೇ ಇರಬೇಕು. ಆಕಾಶದ ಜೊತೆ ಗುಣಿಸಿಕೊಂಡು ಬೆಳೆಯುವುದೆಲ್ಲ ಉಪಕರಣದ್ದು ಅಥವಾ ನೆಲದ್ದು. ಆಕಾಶದ ಉಷ್ಣತೆಗೆ ಎದುರಾಗಿ ತಗ್ಗಿನ ಆಳದ ನಕ್ಷೆಯನ್ನು ಪ್ರತಿ ರಾತ್ರಿಯೂ ಹಾಕಿ.

ಮೊದಲನೆಯದು ಮಾತ್ರ ಏನನ್ನೂ ಬೇರ್ಪಡಿಸುವುದಿಲ್ಲ. 50 ಓಮ್ ಹಾಕಿದಾಗ ಕೇಬಲ್ ಪ್ರತಿಫಲನವೂ ಹೋಯಿತು, ಆಂಟೆನಾ ಅನುರಣನವೂ ಹೋಯಿತು, ನೆಲವೂ ಹೋಯಿತು. ಕೇಬಲ್ಲನ್ನು ಎರಡೂವರೆ ಮೀಟರ್‌ಗೆ ಕತ್ತರಿಸಿ, ಆಂಟೆನಾ ಹಾಗೇ ಇರಲಿ. ತಪ್ಪು ಕೇಬಲ್‌ನದಾದರೆ ಅವಧಿ 20ರಿಂದ 40ಕ್ಕೆ ಹಿಗ್ಗಬೇಕು. ಹಿಗ್ಗದೆ 70ರಲ್ಲೇ ಕೂತಿದ್ದರೆ ಕೆರೆದಂಡೆಯವರು ಹೇಳಿದ್ದೇ ಸರಿ.

ಉದ್ದ ಕೇಬಲ್ ಬೇಡ. ಆರ್‌ಜಿ-58 ನೂರು ಮೀಟರ್‌ಗೆ ಈ ಪಟ್ಟಿಯಲ್ಲಿ 10 ಡಿಬಿಗಿಂತ ಹೆಚ್ಚು ತಿನ್ನುತ್ತದೆ, ಆ ನಷ್ಟ ಆವರ್ತನದ ಜೊತೆ ಬದಲಾಗುತ್ತದೆ, ಕೇಬಲ್ ತನ್ನ ಉಷ್ಣತೆಯ ಗದ್ದಲವನ್ನೂ ಸೇರಿಸುತ್ತದೆ, ಅದು ಗಂಟೆಗಂಟೆಗೂ ಬೇರೆ. ತಾತ್ಕಾಲಿಕವಾಗಿ ಏನಾದರೂ ಬೇಕೆಂದರೆ ಆಂಟೆನಾದ ಬುಡದಲ್ಲಿ 6 ಡಿಬಿ ಅಟೆನ್ಯುಯೇಟರ್ ಹಾಕಿ. ಪ್ರತಿಫಲನ ಅದನ್ನು ಎರಡು ಸಲ ದಾಟಬೇಕು, 12 ಡಿಬಿ, ಅಂದರೆ ಏರಿಳಿತ ಶೇ. 6.3ರಿಂದ 1.6ಕ್ಕೆ. ಅಟೆನ್ಯುಯೇಟರ್ ಸೇರಿಸುವ ಗದ್ದಲ ಸುಮಾರು 900 ಕೆಲ್ವಿನ್. ಬೇರೆ ಯಾವ ರೇಡಿಯೋ ಕೆಲಸದಲ್ಲಾದರೂ ಇದು ದೊಡ್ಡ ಅಪರಾಧ, 1600 ಕೆಲ್ವಿನ್ ಆಕಾಶದ ಮುಂದೆ ನಡೆಯುತ್ತದೆ.

ಶೂನ್ಯಬಿಂದು

ಯಾರೂ ಮುಟ್ಟದ ಎರಡು ವಿಷಯ: ಎಫ್‌ಎಂ ಮತ್ತು ಬಹುಪದಿ.

ಎಫ್‌ಎಂ 88ರಿಂದ ಶುರು, ನಮ್ಮ ಪಟ್ಟಿ 85ಕ್ಕೆ ನಿಂತಿದೆ ಎಂದು ನೆಮ್ಮದಿಯಾಗಿರಬೇಡಿ. ಎರಡು ಬಲವಾದ ನಿಲಯಗಳು ಎಲ್‌ಎನ್‌ಎಯಲ್ಲಿ ಬೆರೆತರೆ ಮೂರನೆಯದೊಂದು ಹುಟ್ಟುತ್ತದೆ. ಬೆಂಗಳೂರಿನ 91.1 ಮತ್ತು ಕನ್ನಡ ಕಾಮನಬಿಲ್ಲಿನ 101.3 ತೆಗೆದುಕೊಳ್ಳಿ: 91.1ರ ಎರಡು ಪಟ್ಟಿನಿಂದ 101.3 ಕಳೆದರೆ 80.9. ಪಟ್ಟಿಯ ಒಳಗೇ ಬಂತು. ಇದು ಎಲ್‌ಎನ್‌ಎಯಲ್ಲೇ ಹುಟ್ಟುವುದರಿಂದ ಆಮೇಲೆ ಹಾಕಿದ ಫಿಲ್ಟರ್ ಏನೂ ಮಾಡದು. ಹೆಚ್ಚಿನ ಐಪಿ3 (ಬಲವಾದ ಸಂಕೇತಗಳನ್ನು ಬೆರೆಸದೆ ತಾಳುವ ಅಳತೆ) ಇರುವ ಎಲ್‌ಎನ್‌ಎ ಬೇಕು, ಇಲ್ಲವೇ ನಿಲಯ ಕೇಳದ ಕಣಿವೆ ಬೇಕು. ಊರಿಂದ ದೂರ ಹೋದರೂ ಉಲ್ಕೆಗಳ ಜಾಡು ಮತ್ತು ವಿಮಾನಗಳು ದೂರದ ಎಫ್‌ಎಂ ಅನ್ನು ಕ್ಷಣಕಾಲ ನಿಮ್ಮ ತಲೆಗೆ ಹಾರಿಸುತ್ತವೆ. ಎಫ್‌ಎಫ್‌ಟಿಗೆ ನಾಲ್ಕು ಪದಗಳ ಬ್ಲ್ಯಾಕ್‌ಮನ್-ಹ್ಯಾರಿಸ್ ವಿಂಡೋ (ಮಾದರಿಗಳ ಎರಡೂ ತುದಿಯನ್ನು ಮೆಲ್ಲಗೆ ತಗ್ಗಿಸುವ ಗುಣಕ) ಇರಲಿ. ಪಕ್ಕದ ಹಾಲೆಗಳು −92 ಡಿಬಿ, ಸೋರಿಕೆ ನಿಲ್ಲುತ್ತದೆ.

ಕಾಣದ ಹಸ್ತಕ್ಷೇಪ ಇನ್ನೂ ಕೆಟ್ಟದ್ದು. ಈ ವಿಂಡೋ ಹಾಕಿದರೆ 15 ಕಿಲೋಹರ್ಟ್ಸ್ ಚಾನೆಲ್‌ನ ಗದ್ದಲದ ಅಗಲ ಸುಮಾರು 30 ಆಗುತ್ತದೆ; ಆ 30 ಕಿಲೋಹರ್ಟ್ಸ್‌ನ ಒಂದು ಸೆಕೆಂಡ್ ಮಾದರಿಯಲ್ಲಿ ಗದ್ದಲವೇ 9 ಕೆಲ್ವಿನ್. ಅದರಡಿ 1 ಕೆಲ್ವಿನ್‌ನ ಸ್ಥಿರ ಸೋರಿಕೆ ಇದ್ದರೆ ಯಾವ ಮಿತಿಯೂ ಹಿಡಿಯುವುದಿಲ್ಲ. ಎರಡು ಗಂಟೆ ಕೂಡಿಸಿದರೆ ಗದ್ದಲ 0.11ಕ್ಕೆ ಇಳಿದು ಅದೇ ಸೋರಿಕೆ ಕಂಬದ ಹಾಗೆ ನಿಲ್ಲುತ್ತದೆ. ಆದ್ದರಿಂದ ಶೋಧನೆ ಒಂದೇ ಸಲ ಮುಗಿಯಬಾರದು: ಸೆಕೆಂಡಿನಲ್ಲಿ ಒಮ್ಮೆ, ನಿಮಿಷಕ್ಕೆ ಕೂಡಿಸಿ ಒಮ್ಮೆ, ರಾತ್ರಿಗೆ ಕೂಡಿಸಿ ಒಮ್ಮೆ. ಮೇಲೆ ಚಾಚಿದ್ದನ್ನು ಮಾತ್ರ ಕತ್ತರಿಸಿದರೆ ಸರಾಸರಿ ಕೆಳಗೆ ಎಳೆಯುತ್ತದೆ. ಎರಡೂ ಕಡೆ ಒಂದೇ ಮಿತಿ ಇಡಿ. ಹೆಚ್ಚಿನ ಸಲ ಕಳ್ಳ ಮನೆಯೊಳಗೇ ಇರುತ್ತಾನೆ: ಸೌರ ಚಾರ್ಜ್ ಕಂಟ್ರೋಲರ್, ಡಿಸಿ-ಡಿಸಿ ಪರಿವರ್ತಕ, ಲ್ಯಾಪ್‌ಟಾಪ್ ಅಡಾಪ್ಟರ್, ಎಲ್‌ಇಡಿ ದೀಪದ ಡ್ರೈವರ್, ಪಕ್ಕದ ತೋಟದ ಬೇಲಿಗೆ ಹಾಕಿದ ವಿದ್ಯುತ್ ಯಂತ್ರ. ಬರೀ ಬ್ಯಾಟರಿ, ಲೀನಿಯರ್ ರೆಗ್ಯುಲೇಟರ್.

ಈಗ ಬಹುಪದಿ. ನಾಲ್ಕು ಪದಗಳ ಬದಲು ಏಳು ಹಾಕಿದರೆ 3 ಕೆಲ್ವಿನ್ ತಗ್ಗು ಮಾಯವಾಗಬಹುದು. ನಿಜವಾದ 0.2 ಕೆಲ್ವಿನ್ ಸಂಕೇತವೂ ಅದರ ಜೊತೆಗೇ ಹೋಗಿರುತ್ತದೆ. ಎಡ್ಜಸ್ ಸುತ್ತಲಿನ ಜಗಳದ ತಿರುಳು ಇದೇ. 2018ರಲ್ಲೇ ರಿಚರ್ಡ್ ಹಿಲ್ಸ್ ಮತ್ತು ಸಹೋದ್ಯೋಗಿಗಳು, ಎಡ್ಜಸ್ ತಂಡ ಆಕಾಶದ ಹೊಳಪಿಗೆ ಮಾಡಿದ ಹೊಂದಿಕೆಯನ್ನು ಭೌತಿಕ ಅರ್ಥದಲ್ಲಿ ಓದಿದರೆ ಅಯಾನುಗೋಳದ ಬೆಲೆಗಳು ಅಸಂಭವ ಆಗುತ್ತವೆ ಎಂದು ತೋರಿಸಿದರು. 2019ರಲ್ಲಿ ಸೌರಭ್ ಸಿಂಗ್ ಮತ್ತು ರವಿ ಸುಬ್ರಹ್ಮಣ್ಯನ್ ಅದೇ ದತ್ತಾಂಶಕ್ಕೆ ಪಟ್ಟಿಯೊಳಗೆ ತಿರುವುಗಳೇ ಇಲ್ಲದ ಗರಿಷ್ಠ ನಯದ ಫಲನ ಹಾಕಿ, ಉಳಿಕೆಯಲ್ಲಿ ಸೈನ್ ಅಲೆಯಂಥ ದೋಷವಿರಬಹುದು ಎಂದರು. ನೀವೂ ಹಾಗೆ ಮಾಡಿ: ಎರಡನೇ ಮತ್ತು ಅದರ ಮೇಲಿನ ಅವಕಲನಗಳು ಪಟ್ಟಿಯೊಳಗೆ ಸೊನ್ನೆ ದಾಟದಂತೆ ನಿರ್ಬಂಧ ಹಾಕಿದರೆ ಪದಗಳ ಸಂಖ್ಯೆ ಎಷ್ಟಿದ್ದರೂ ಅದು ತಗ್ಗನ್ನು ನುಂಗಲಾರದು. ಎಡ್ಜಸ್‌ನ ಆಕಾರ ಸರಿಯಲ್ಲ ಎಂದು ಸಾರಸ್-3 2022ರಲ್ಲಿ ಶೇ. 95.3 ವಿಶ್ವಾಸದಿಂದ ಹೇಳಲು ಸಾಧ್ಯವಾದದ್ದು ಉಪಕರಣದ ಎಲ್ಲ ಭಾಗವನ್ನೂ ಈ ನಯಕ್ಕೆ ತಕ್ಕಂತೆ ಮೊದಲೇ ಕಟ್ಟಿದ್ದರಿಂದ. ಆ ಫಲಿತಾಂಶ ಬೇರೆ ಆಕಾರದ, ಇನ್ನೂ ತೆಳುವಾದ ಸಂಕೇತವನ್ನು ಅಲ್ಲಗಳೆದಿಲ್ಲ. ಬಾಗಿಲು ಇನ್ನೂ ತೆರೆದೇ ಇದೆ.

ಯಾವ ಮಾದರಿ ಆರಿಸಿದರೂ ಒಂದು ಪರೀಕ್ಷೆ ತಪ್ಪಿಸಬೇಡಿ. ಕಚ್ಚಾ ರೋಹಿತಕ್ಕೆ ನೀವೇ 0.2 ಕೆಲ್ವಿನ್‌ನ ಕೃತಕ ತಗ್ಗು ಸೇರಿಸಿ ಇಡೀ ಸಂಸ್ಕರಣೆ ಮತ್ತೆ ನಡೆಸಿ. ಕೇಂದ್ರವನ್ನು 60, 65, 70, 75, 80ಕ್ಕೆ ಸರಿಸಿ ನೋಡಿ. ಆಳ ಎಷ್ಟು ವಾಪಸ್ ಬಂತು ಎಂಬುದೇ ನಿಮ್ಮ ಉಪಕರಣದ ನಿಜವಾದ ಸೂಕ್ಷ್ಮತೆ.

ಅಲೆಮಾಪಕ

ಹಾಗಾದರೆ ಮೊದಲು ಕೇಬಲ್ ಎರಡೂವರೆ ಮೀಟರ್‌ಗೆ. ಆಮೇಲೆ ಶಂಕು 60 ಸೆಂ.ಮೀ., ಎಲ್‌ಎನ್‌ಎ ಬುಡಕ್ಕೆ. ದಾಖಲೆಗೆ ಯಾವ ತಿಂಗಳು, ಯಾವ ಹೊತ್ತು?

ಕೆರೆದಂಡೆ

ಫೆಬ್ರವರಿ ನಡುವಿನಲ್ಲಿ ನಮ್ಮ ಅಕ್ಷಾಂಶಕ್ಕೆ ಆಕಾಶಗಂಗೆಯ ಕೇಂದ್ರ ಹುಟ್ಟುವುದು ಬೆಳಗಿನ ಜಾವ ಸುಮಾರು 3ಕ್ಕೆ. ರಾತ್ರಿ 9ರಿಂದ 2ರವರೆಗೆ ತೆಗೆದುಕೊಳ್ಳಿ. ಸೂರ್ಯ ಮುಳುಗಿ ಒಂದೆರಡು ಗಂಟೆ ಬಿಟ್ಟರೆ ಅಯಾನುಗೋಳವೂ ತಣ್ಣಗಾಗಿರುತ್ತದೆ, ಅದು ಶೇ. 1 ಹೀರಿದರೂ ನಿಮಗೆ 16 ಕೆಲ್ವಿನ್ ವ್ಯತ್ಯಾಸ. 2ರ ನಂತರ ಇಬ್ಬನಿ ಕೂರುತ್ತದೆ, ಶಂಕುವನ್ನು ಹಿಡಿದಿರುವ ಪ್ಲಾಸ್ಟಿಕ್ ಆಧಾರದ ಮೇಲೆ ನೀರಿನ ಪೊರೆ ಬಂದರೆ ಎಸ್-11 ಜರುಗುತ್ತದೆ. ಜೂನ್‌ನಲ್ಲಂತೂ ಕೇಂದ್ರ ನಡುರಾತ್ರಿಯ ಹೊತ್ತಿಗೆ ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರಕ್ಕೆ ಬರುತ್ತದೆ, ಆಗಿನ ದತ್ತಾಂಶವನ್ನು ದೋಷ ಪತ್ತೆಗೆ ಮಾತ್ರ ಇಟ್ಟುಕೊಳ್ಳಿ. ಕೇಬಲ್ ಕತ್ತರಿಸಿದ ಮೊದಲ ರಾತ್ರಿಯ ಉಳಿಕೆ ನಕ್ಷೆಯನ್ನು ಇಲ್ಲಿ ಹಾಕಿ, ಬಹುಪದಿ ಕಳೆಯುವ ಮುಂಚಿನದೂ ಇರಲಿ.